ಮೂರು ತೂತಿನ ಹರಕೆ

ಜನವರಿ ೧೫, ಮಂಗಳವಾರ

ತಾಲ್ಲೂಕು ಆಸ್ಪತ್ರೆಯ ನರ್ಸು ಈ ಪುಸ್ತಕ ಕೊಟ್ಟು, ದಿನಾ ಮೂರು ವಿಷಯ ಬರೆದಿಡಿ ಅಂದಳು: ಖಮ್‌ಫೂನ್ ಏನು ತಿಂದ, ಮೂತ್ರ ಯಾವ ಬಣ್ಣ, ಮಲ ಯಾವ ಬಣ್ಣ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ ಗಂಡನ ಬಗ್ಗೆ ಬರೆಯುವ ಯೋಗ ಬಂದದ್ದು ಹೀಗೆ.

ತಿಂದದ್ದು: ಅಂಟಕ್ಕಿ ಅನ್ನ ಎರಡು ಮುಷ್ಟಿ, ಸುಟ್ಟ ಬದನೆಕಾಯಿ. ಮೂತ್ರ: ಹಾಲು ಹಾಕದ ಚಹಾ. ಮಲ: ಜೇಡಿಮಣ್ಣು.

ಮುಗಿಯಿತು. ಹಾಳೆ ಮುಕ್ಕಾಲು ಖಾಲಿ ಉಳಿದಿದೆ. ಖಾಲಿ ಬಿಟ್ಟರೆ ನನಗೆ ಸಮಾಧಾನವಿಲ್ಲ, ಬಾಯಾಗಲಿ ಹಾಳೆಯಾಗಲಿ.

ಮೊದಲು ಕಂಡುಹಿಡಿದದ್ದು ಮಲೈವನ್. ಖಮ್‌ಫೂನ್‌ನ ಅಣ್ಣನ ಮಗಳು, ನಮ್ಮ ಬೀದಿಯ ಆರೋಗ್ಯ ಕಾರ್ಯಕರ್ತೆ. ನೀರಿನ ಹಂಡೆಯಲ್ಲಿ ಸೊಳ್ಳೆ ಮರಿ ಇವೆಯೇ ಎಂದು ಟಾರ್ಚು ಬಿಟ್ಟು ನೋಡಲು ಬಂದವಳು, ಟಾರ್ಚನ್ನು ಇವನ ಮುಖಕ್ಕೆ ತಿರುಗಿಸಿ, "ಚಿಕ್ಕಪ್ಪಾ, ಕಣ್ಣೆಲ್ಲ ಅರಿಶಿನ ಆಗಿದೆಯಲ್ಲ!" ಅಂದಳು.

ವಾರದಿಂದ ಮೈ ತುರಿಸುತ್ತಿದೆ ಎನ್ನುತ್ತಿದ್ದ. ಬಲೆ ನೇಯುವ ನೈಲಾನ್ ದಾರದ ಧೂಳು ಅಂದುಕೊಂಡಿದ್ದೆ. ಮೀನಿನ ಊಟದ ಅಂಗಡಿ ಇಟ್ಟುಕೊಂಡು, ಮೀನಿನ ಕಣ್ಣು ನೋಡಿ ಅದು ಚೀ ನದಿಯಿಂದ ಯಾವ ಹೊತ್ತಿಗೆ ಮೇಲೆ ಬಂತು ಎಂದು ಹೇಳುವವಳು ನಾನು. ಎದುರಿಗೆ ಕೂತು ಉಣ್ಣುವ ಗಂಡನ ಕಣ್ಣು ನೋಡಿರಲಿಲ್ಲ.

ಜನವರಿ ೧೮, ಶುಕ್ರವಾರ

ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ಯಂತ್ರ ಇಟ್ಟು ನೋಡಿದರು. ಪಿತ್ತ ಹರಿಯುವ ನಾಳದಲ್ಲಿ ಏನೋ ಅಡ್ಡ ನಿಂತಿದೆಯಂತೆ. ಖೋನ್ ಕೇನ್‌ನ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ನಮ್ಮೂರಲ್ಲಿ ಈ ಕೊಲ್ಲುವ ಗಂಟಿಗೆ ಹೆಸರು ಹೇಳುವವರಿಲ್ಲ. 'ಅದು' ಅಂದರೆ ಸಾಕು. ನಾಲ್ಕು ವರ್ಷದ ಕೆಳಗೆ ಖಮ್‌ಫೂನ್‌ನ ಅಣ್ಣ, ಮಲೈವನ್‌ಳ ಅಪ್ಪ ಬುನ್‌ಸೊಂಗ್‌ಗೆ ಬಂದದ್ದೂ ಅದೇ. ಅವನ ಹೊಟ್ಟೆಯನ್ನು ಈ ಪಕ್ಕೆಯಿಂದ ಆ ಪಕ್ಕೆಗೆ ತೆರೆದರು, ಮುಚ್ಚಿದರು, ಮನೆಗೆ ಕಳಿಸಿದರು. ನಲವತ್ತು ದಿನ ಇದ್ದ. ಕೊನೆಯ ವಾರ ನಾನು ಹಸಿ ಮೀನು ಕೊಚ್ಚಿ, ಹುಳಿ ಖಾರ ಹಾಕಿ ಕಲಸುವ ಕೊಯ್ ಬೇಕು ಅಂದ. ಇನ್ನು ಕೇಳಿದ್ದನ್ನೆಲ್ಲ ಕೊಡಿ ಎಂದು ಡಾಕ್ಟರು ಹೇಳಿದ್ದರು. ನಾನೇ ಕಲಸಿಕೊಂಡು ಹೋಗಿ ಬಾಯಿಗಿಟ್ಟೆ.

ಖಮ್‌ಫೂನ್ ಅಂದಿನಿಂದ ಒಂದೇ ಮಾತು ಹಿಡಿದಿದ್ದಾನೆ. "ಅಣ್ಣನ್ನ ಕೊಂದಿದ್ದು ಗಂಟು ಅಲ್ಲ ಕಣೇ, ಗಾಳಿ. ಹೊಟ್ಟೆ ತೆರೆದ್ರೆ ಗಾಳಿ ಹೊಗುತ್ತೆ. ಗಾಳಿ ತಾಗಿದ ಗಂಟು ಒಲೆ ಬಾಯಿಗೆ ಹಿಡಿದ ಹುಲ್ಲಿನ ಹಾಗೆ." ನಾನೂ ಹೌದು ಅನ್ನುತ್ತೇನೆ. ಈ ಕಡೆ ಹೊಟ್ಟೆ ತೆರೆಸಿಕೊಂಡವರು ಯಾರು ಬದುಕಿದ್ದಾರೆ, ತೋರಿಸಲಿ.

ತಿಂದದ್ದು: ಏನೂ ಇಲ್ಲ.

ಜನವರಿ ೨೯, ಮಂಗಳವಾರ

ದೊಡ್ಡಾಸ್ಪತ್ರೆ. ಪಕ್ಕೆಯಿಂದ ಒಂದು ಸಣ್ಣ ಕೊಳವೆ ತೂರಿಸಿ ಪಿತ್ತ ಹೊರಗೆ ಹರಿಯುವ ಹಾಗೆ ಮಾಡಿದ್ದಾರೆ. ಸೊಂಟಕ್ಕೆ ಚೀಲ. ಹಳದಿ ಇಳಿಯುವ ತನಕ ಆಪರೇಷನ್ ಇಲ್ಲವಂತೆ.

ಚೀಲದಲ್ಲಿ ಹಸಿರು ನೀರು ತುಂಬಿದೆ. ಖಮ್‌ಫೂನ್ ಅದನ್ನು ತಟ್ಟಿ, "ನೋಡೇ, ನಿನ್ನ ಹಾಗೆ ನಾನೂ ಅಂಗಡಿ ಇಟ್ಟೆ. ಹಸಿರು ಚಹಾ," ಅಂದ. ಪಕ್ಕದ ಹಾಸಿಗೆಯವನು ನಗಲಾರದೆ ಹೊಟ್ಟೆ ಹಿಡಿದುಕೊಂಡ. ಆ ವಾರ್ಡಿನಲ್ಲಿ ಹನ್ನೆರಡು ಹಾಸಿಗೆ. ಒಂಬತ್ತು ಜನ ನಮ್ಮ ಭಾಷೆಯವರು, ನಮ್ಮ ಊಟದವರು. ಎಲ್ಲರಿಗೂ ಸೊಂಟದಲ್ಲಿ ಚೀಲ.

ಫೆಬ್ರವರಿ ೫, ಮಂಗಳವಾರ

ಮನೆಗೆ ಬಂದೆವು. ಮಲೈವನ್ ಚೀಲ ತೊಳೆಯುವುದನ್ನು ಹೇಳಿಕೊಟ್ಟಳು. ಹೋಗುವಾಗ, ಎಂದಿನಂತೆ, "ಚಿಕ್ಕಮ್ಮಾ, ಅಂಗಡೀಲಿ ಇನ್ನಾದರೂ ಬೇಯಿಸಿ ಮಾರಿ. ಹಸಿ ಮೀನಿನ ಹುಳುವೇ ಪಿತ್ತನಾಳ ಸೇರಿ ಈ ಗಂಟು ಮಾಡೋದು," ಅಂದಳು.

ನನಗೆ ಉರಿಯಿತು. "ನಿಂಬೆಹುಳಿ ಬಿದ್ದರೆ ಮೀನು ಬೆಳ್ಳಗಾಗುತ್ತಲ್ಲ, ಅದು ಬೆಂದ ಹಾಗೇ ಅಲ್ವಾ? ಮೇಲೆ ಅರೆದ ಕೆಂಜಿಗ ಇರುವೆಯ ಹುಳಿ, ಅದರ ಮೇಲೆ ಸಾರಾಯಿ. ಯಾವ ಹುಳು ಬದುಕುತ್ತೆ ಹೇಳು!"

"ಹುಳಿಗೆ ಸಾಯಲ್ಲ ಚಿಕ್ಕಮ್ಮ. ಬೆಂಕಿಗೆ ಮಾತ್ರ."

"ಅದಕ್ಕೇ ನಿನ್ನ ಚಿಕ್ಕಪ್ಪ ನೀವು ಕೊಡೋ ಹುಳದ ಮಾತ್ರೆ ವರ್ಷಾ ವರ್ಷಾ ನುಂಗ್ತಾನಲ್ಲ!"

"ಮಾತ್ರೆ ನುಂಗಿ ಮಾರನೇ ದಿನ ಮತ್ತೆ ಹಸಿ ತಿಂತಾರಲ್ಲ. ಸ್ನಾನ ಮಾಡಿ ಕೆಸರಿಗೆ ಇಳಿದ ಹಾಗೆ."

ಅಂಗೈಯಗಲದ ಹುಡುಗಿಯಾಗಿದ್ದಾಗ ನನ್ನ ಅಂಗಡಿಯ ಬೆಂಚಿನ ಮೇಲೆ ಮಲಗುತ್ತಿದ್ದವಳು. ಈಗ ನನಗೇ ಪಾಠ. ಅಪ್ಪ ಸತ್ತ ಮೇಲೆ ಈ ಕೆಲಸ ಹಿಡಿದಳು. ಅವಳಪ್ಪನಿಗೆ ನಾನು ಕೊನೆಗೆ ತಿನ್ನಿಸಿದ್ದನ್ನು ಮಾತ್ರ ಒಂದು ದಿನವೂ ಆಡಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ತಿರುಗಿ ಬಯ್ಯಬಹುದಿತ್ತು.

ತಿಂದದ್ದು: ಗಂಜಿ, ಹುರಿದ ಮೊಟ್ಟೆ. ಮೂತ್ರ: ಚಹಾಕ್ಕೆ ನೀರು ಬೆರೆಸಿದಷ್ಟು. ಮಲ: ಸ್ವಲ್ಪ ಬಣ್ಣ ಬಂದಿದೆ.

ಫೆಬ್ರವರಿ ೧೨, ಮಂಗಳವಾರ

ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿನ ನರ್ಸು ಪುಸ್ತಕ ತೋರಿಸಿ ಅಂದಳು. ಬೆವರಿ ಹೋದೆ. ಊಟ, ಮೂತ್ರ, ಮಲ ಮೂರನ್ನೂ ಬೇರೆ ಹಾಳೆಗೆ ಇಳಿಸಿಕೊಟ್ಟೆ.

ಇವತ್ತು ಶಸ್ತ್ರವೈದ್ಯೆ ಮಾತಾಡಿದರು. ಡಾಕ್ಟರ್ ವರಿಂತೋನ್. ನಲವತ್ತೈದರ ಹೆಂಗಸು, ಉಗುರು ಬುಡದ ತನಕ ಕತ್ತರಿಸಿದ ಕೈ. ಬ್ಯಾಂಕಾಕಿನ ಭಾಷೆಯಲ್ಲಿ ಶುರು ಮಾಡಿದರು. ನಮ್ಮ ಮುಖ ನೋಡಿ ನಮ್ಮ ಮಾತಿಗೆ ಇಳಿದರು. ಗಂಟು ಲಿವರಿನ ಬಾಗಿಲಲ್ಲೇ ಕೂತಿದೆಯಂತೆ.

ನಾನು ಸುಮ್ಮನಿರುತ್ತೇನೆಯೇ? "ನಮ್ಮ ಬೀದಿಯ ಟೈಲರ್ ಹೆಂಗಸಿಗೆ ಪಿತ್ತದ ಕಲ್ಲನ್ನ ತೂತಿನಲ್ಲೇ ತೆಗೆದ್ರಿ. ಮೂರನೇ ದಿನ ಸೊಪ್ಪು ಕೀಳ್ತಿದ್ದಳು. ಇವನಿಗೂ ಹಾಗೇ ಮಾಡಿ. ಹೊಟ್ಟೆ ತೆರೀಬೇಡಿ," ಅಂದೆ.

"ಅದು ಪಿತ್ತಕೋಶ ಅಮ್ಮ, ಜೋತಾಡೋ ಚೀಲ. ಅದಕ್ಕೆ ತೂತು ಸಾಕು. ನಾಳದ ಕೆಲವು ಕಾಯಿಲೆಗಳಿಗೂ ತೂತಿನಿಂದಲೇ ಮಾಡ್ತೀವಿ. ಗಾಯ ಚಿಕ್ಕದು, ನೋವು ಕಡಿಮೆ, ಬೇಗ ಮನೆಗೆ ಹೋಗ್ತಾರೆ. ಇವರ ಗಂಟು ದೊಡ್ಡ ರಕ್ತನಾಳಗಳ ಮಧ್ಯೆ ಇದೆ. ಅದನ್ನ ಬಿಡಿಸಬೇಕಾದ್ರೆ ನನ್ನ ಬೆರಳು ಅಲ್ಲಿ ಮುಟ್ಟಬೇಕು."

ಆಮೇಲೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಮೊದಲು ಮೂರು ಸಣ್ಣ ತೂತು ಮಾಡಿ ಕ್ಯಾಮರಾ ಇಳಿಸಿ ನೋಡ್ತೀವಿ. ಒಳಗೆ ಎಲ್ಲ ಸರಿಯಿದ್ರೆ, ಮುಂದಿನ ಕೆಲಸ."

ಮೂರು ಸಣ್ಣ ತೂತು ಅನ್ನುತ್ತಿದ್ದಂತೆ ಖಮ್‌ಫೂನ್‌ನ ಮುಖ ಅರಳಿತು. ಮುಂದೆ ಅವರು ಎಷ್ಟೋ ಹೊತ್ತು ಮಾತಾಡಿದರು. ಇವನ ಕಿವಿ ಆಗಲೇ ಬಾಗಿಲು ಹಾಕಿತ್ತು. ನನ್ನದೂ ಪೂರ್ತಿ ತೆರೆದಿತ್ತು ಎಂದು ಹೇಳಲಾರೆ. ಅರ್ಥವಾಯಿತೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೂಂ ಅಂದ, ಸಹಿ ಹಾಕಿದ.

ಬಸ್ಸಿನಲ್ಲಿ, "ನೋಡಿದ್ಯಾ, ನನ್ನ ಹೆಂಡತಿ ಬಾಯಿ ಮಾಡಿದ್ದಕ್ಕೆ ಡಾಕ್ಟ್ರು ಮೂರು ತೂತಿಗೆ ಒಪ್ಪಿದ್ರು," ಎಂದು ಕಂಡಕ್ಟರನಿಗೆ ಹೇಳುತ್ತಿದ್ದ.

ಫೆಬ್ರವರಿ ೨೦, ಬುಧವಾರ

ಅಂಗಡಿ ತೆರೆದೆ. ದೋಣಿಯವನೊಬ್ಬ ಹಸಿ ಕೊಯ್ ತಿನ್ನುತ್ತ, ತಟ್ಟೆಯನ್ನೇ ನೋಡುತ್ತ, "ಖಮ್‌ಫೂನ್‌ಗೂ ಅದೇನಾ ಬಂದಿರೋದು?" ಅಂದ. "ನಿನ್ನ ಬಾಯಿಗೆ ಕೊಳೆಸಿದ ಮೀನಿನ ಪಾ ದೇಕ್ ಜಾಡಿ ಮುಚ್ಚಳ ಹಾಕ!" ಎಂದು ಬೈದು ಕಳಿಸಿದೆ.

ಮಧ್ಯಾಹ್ನದ ಮೇಲೆ ಉಳಿದ ಮೀನನ್ನು ಹುರಿದೇ ಮಾರಿದೆ. ಮೀನು ಅಷ್ಟು ತಾಜಾ ಇರಲಿಲ್ಲ.

ಮಾರ್ಚ್ ೧, ಶುಕ್ರವಾರ

ಆಪರೇಷನ್ ಹದಿಮೂರಕ್ಕೆ. ಊರು ಕಾಯುವ ತಾತನ ಗುಡಿಗೆ ಹೋಗಿ ಹರಕೆ ಹೊತ್ತೆ.

ತಾತನ ಹತ್ತಿರ ಬಿಡಿಸಿ ಬಿಡಿಸಿ ಕೇಳಬೇಕು. ಕೇಳಿದ್ದನ್ನು ಕೊಡುತ್ತಾನೆ, ಕೇಳಿದ್ದನ್ನಷ್ಟೇ ಕೊಡುತ್ತಾನೆ. ಕೆಳಗಿನ ಕೇರಿಯ ಹೆಂಗಸೊಬ್ಬಳು, ಸೈನ್ಯಕ್ಕೆ ಯಾರು ಹೋಗಬೇಕೆಂದು ಚೀಟಿ ಎತ್ತಿಸುವ ದಿನ ಮಗನಿಗೆ ಬಾರದೇ ಇರಲಿ ಎಂದು ಬೇಡಿದ್ದಳು. ಹುಡುಗ ಹಿಂದಿನ ದಿನ ಮಾವಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ. ತಾತನದು ತಪ್ಪಲ್ಲ, ಅವಳು ಕೇಳಿದ ರೀತಿ ಹಾಗಿತ್ತು.

ಅದಕ್ಕೇ ನಾನು ಒಂದೊಂದೇ ಮಾತನ್ನು ತೂಗಿ ಹೇಳಿದೆ. "ತಾತಾ, ನಾನು ಬುವಾಲೈ, ಬಲೆ ನೇಯುವ ಖಮ್‌ಫೂನ್‌ನ ಹೆಂಡತಿ. ಹದಿಮೂರನೇ ತಾರೀಕು ಅವನ ಹೊಟ್ಟೆ ತೆರೆಯಬಾರದು. ಮೂರು ತೂತು, ಅಷ್ಟೇ. ಮೂರು ತೂತಿನಲ್ಲಿ ಮುಗಿಸಿ ಮನೆಗೆ ಕಳಿಸಿಕೊಡು. ಎರಡು ಬೇಯಿಸಿದ ಕೋಳಿ, ಒಂದು ಬಾಟಲಿ ಅಕ್ಕಿ ಸಾರಾಯಿ."

ಹೇಳಿ ಮುಗಿಸಿದಾಗ ಎದೆ ಹಗುರಾಯಿತು. ಯಾವ ತುದಿಯಿಂದ ಹಿಡಿದರೂ ಜಾರದ ಹಾಗೆ ಕೇಳಿದ್ದೆ.

ತಿಂದದ್ದು: ಅನ್ನ, ಕೋಳಿ ಸಾರು, ಒಂದು ಪೂರ್ತಿ ಮಾವಿನಹಣ್ಣು. ಮೂತ್ರ: ತಿಳಿ.

ಮಾರ್ಚ್ ೧೦, ಭಾನುವಾರ

ಮನೆಯಲ್ಲಿ ದಾರ ಕಟ್ಟಿಸಿದೆವು. ಮೈಯ ಮೂವತ್ತೆರಡು ಜೀವಕಳೆಗಳಲ್ಲಿ ಯಾವುದೂ ಹೆದರಿ ಓಡಬಾರದೆಂದು ಊರ ಹಿರಿಯರು ಕರೆದು ಕರೆದು ಮಣಿಕಟ್ಟಿಗೆ ಬಿಗಿದರು. ಇವನ ಎರಡು ಕೈಗೂ ಮೊಣಕೈ ತನಕ ಬಿಳಿ ದಾರ. ಕೊನೆಗೆ ನಾನು ಕಟ್ಟಬೇಕಿತ್ತು. ಗಂಟು ಎರಡು ಸಲ ಜಾರಿತು.

"ಏನೇ, ದಿನಕ್ಕೆ ನೂರು ಮೀನು ಕೊಚ್ಚೋ ಕೈ, ಒಂದು ದಾರಕ್ಕೆ ಸೋತುಹೋಯ್ತಾ?"

"ನಿನ್ನ ಕೈ ನೆಟ್ಟಗೆ ಹಿಡಿಯೋ, ಮುದುಕಾ," ಅಂದೆ. ಅವನು ನನಗಿಂತ ಒಂದು ವರ್ಷ ಚಿಕ್ಕವನು. ಜೊತೆಗೇ ಸಗಣಿಗುಂಡಿಯಲ್ಲಿ ಆಡಿ ಬೆಳೆದವನಿಗೆ ಬಹುವಚನ ಎಲ್ಲಿಂದ ಬರಬೇಕು.

ಮಾರ್ಚ್ ೧೨, ಮಂಗಳವಾರ

ದೊಡ್ಡಾಸ್ಪತ್ರೆ. ಖಮ್‌ಫೂನ್‌ನನ್ನು ಒಳಗೆ ಸೇರಿಸಿಕೊಂಡರು. ನಾನೂ ಮಲೈವನ್‌ಳೂ ಹೊರಗೆ ಬೆಂಚಿನ ಮೇಲೆ ಕೂತಿದ್ದೇವೆ.

ಹರಕೆಯ ವಿಷಯ ಅವಳಿಗೆ ಹೇಳಿದೆ. ಹೊಗಳುತ್ತಾಳೆ ಅಂದುಕೊಂಡಿದ್ದೆ. ಅನ್ನದ ಬುಟ್ಟಿಯ ಮುಚ್ಚಳ ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಮೂರೇ ತೂತು ಅಂತ ಕೇಳಿಕೊಂಡ್ರಾ?"

"ಮತ್ತೆ? ನಿಮ್ಮಪ್ಪನ ಹಾಗೆ ತೆರೀಲಿ ಅಂತ ಕೇಳಲಾ?"

"ಚಿಕ್ಕಮ್ಮ, ಚಿಕ್ಕಪ್ಪ ಸಹಿ ಹಾಕಿದ ಕಾಗದದಲ್ಲೇ ಇದೆಯಲ್ಲ, ಡಾಕ್ಟ್ರು ಹೇಳಿದ್ದು ನಿಮಗೆ ತಿಳಿದಿದೆ ಅಂದುಕೊಂಡೆ. ತೂತು ಬರೀ ನೋಡೋದಕ್ಕೆ. ಅದು ಬೇರೆ ಕಡೆ ಹರಡಿದೆಯಾ ಅಂತ ನೋಡೋದಕ್ಕೆ. ಹರಡಿಲ್ಲ ಅಂದ್ರೆ ಹೊಟ್ಟೆ ತೆರೆದು ತೆಗೀತಾರೆ. ಎಂಟು ಗಂಟೆ ಹಿಡಿಯುತ್ತೆ. ಹರಡಿದ್ರೆ ತೆಗೆದು ಪ್ರಯೋಜನ ಇಲ್ಲ. ಸುಮ್ಮನೆ ಅಷ್ಟು ದೊಡ್ಡ ಗಾಯ ಯಾಕೆ ಅಂತ ಆ ಮೂರು ತೂತನ್ನೇ ಹೊಲಿದು ಕಳಿಸ್ತಾರೆ. ಅಪ್ಪನ ಕಾಲದಲ್ಲಿ ತೆರೆದೇ ನೋಡಿದ್ರು. ಅಪ್ಪನನ್ನ ಕೊಂದಿದ್ದು ಗಾಳಿ ಅಲ್ಲ. ತಡ ಆಗಿತ್ತು, ಅಷ್ಟೇ."

ಹೋಗಿ ಮುಖ ತೊಳೆದು ಬಂದೆ. ಮತ್ತೆ ತೊಳೆದೆ.

ಗುಡಿ ಇಲ್ಲಿಗೆ ಎರಡು ಗಂಟೆಯ ದಾರಿ. ಕೊನೆಯ ಬಸ್ಸು ಹೋಗಿಯಾಗಿತ್ತು. ನಮ್ಮೂರಿನ ದಿಕ್ಕು ಯಾವುದೆಂದು ಕಾವಲುಗಾರನನ್ನು ಕೇಳಿ, ಗಾಡಿ ನಿಲ್ಲಿಸುವ ಜಾಗದಲ್ಲಿ ಆ ಕಡೆ ತಿರುಗಿ ಕೈಮುಗಿದೆ. ತಾತಾ, ನಾನು ತಪ್ಪಾಗಿ ಕೇಳಿದೆ. ದಡ್ಡ ಹೆಂಗಸು, ಕ್ಷಮಿಸು. ದೊಡ್ಡ ಗಾಯ ಕೊಡು. ಈ ಪಕ್ಕೆಯಿಂದ ಆ ಪಕ್ಕೆಗೆ. ಕೋಳಿ ಎರಡಲ್ಲ, ಹಂದಿಯನ್ನೇ ಕೊಡುತ್ತೇನೆ. ಎಂಟು ಗಂಟೆ, ಒಂಬತ್ತು ಗಂಟೆ, ಎಷ್ಟು ಹೊತ್ತಾದರೂ ಆಗಲಿ, ತೆರೆಯಲಿ.

ಕಾರು ತೆಗೆಯಬೇಕಿದ್ದ ಒಬ್ಬಾತ ಹಾರ್ನ್ ಹೊಡೆಯುತ್ತಲೇ ಇದ್ದ.

ಮಾರ್ಚ್ ೧೩, ಬುಧವಾರ

ಬೆಳಿಗ್ಗೆ ಎಂಟೂಕಾಲಿಗೆ ಒಳಗೆ ಕರೆದುಕೊಂಡು ಹೋದರು. ದಾರ ಕತ್ತರಿಸುತ್ತಾರೆ ಎಂದು ಹೆದರಿದ್ದೆ. ನರ್ಸು ಕತ್ತರಿಸಲಿಲ್ಲ, ಮೇಲೆ ಪ್ಲಾಸ್ಟರು ಸುತ್ತಿದಳು. ಅವಳ ಕೈಯಲ್ಲೂ ಒಂದು ದಾರ ಇತ್ತು.

ಗೋಡೆ ಗಡಿಯಾರದ ಎದುರು ಕೂತೆ. ಒಂಬತ್ತಾಯಿತು. ಒಂಬತ್ತೂವರೆ. ಈಗ ತೆರೆದಿರುತ್ತಾರೆ ಅಂದುಕೊಂಡೆ. ತೆರೆದಿರಲಿ, ದೇವರೇ, ತೆರೆದಿರಲಿ. ಸಂಜೆ ತನಕ ಯಾರೂ ನಮ್ಮನ್ನು ಕೂಗದಿದ್ದರೆ ಸಾಕು.

ಹತ್ತು ಗಂಟೆ ಐದು ನಿಮಿಷಕ್ಕೆ, "ಖಮ್‌ಫೂನ್ ಕಡೆಯವರು," ಎಂದು ಕೂಗಿದರು.

ಮಲೈವನ್ ಎದ್ದಳು. ನಾನು ಏಳಲಿಲ್ಲ. ನಾವಲ್ಲ, ಇನ್ನೊಬ್ಬ ಖಮ್‌ಫೂನ್ ಇರಬೇಕು ಅಂದೆ.

ಮಾರ್ಚ್ ೧೪, ಗುರುವಾರ

ಡಾಕ್ಟರ್ ವರಿಂತೋನ್ ನಿನ್ನೆ ಹೇಳಿದ್ದು: ಹೊಟ್ಟೆಯ ಒಳಪೊರೆಯ ಮೇಲೆಲ್ಲ ಎಳ್ಳು ಚೆಲ್ಲಿದ ಹಾಗೆ ಇದೆ. ತೆಗೆಯಲಾಗುವುದಿಲ್ಲ. ನಾಳದೊಳಗೆ ಜಾಲರಿಯ ಕೊಳವೆ ಕೂರಿಸುತ್ತಾರೆ, ಹೊರಗಿನ ಚೀಲ ಬೇಕಾಗುವುದಿಲ್ಲ, ಹಳದಿ ಬರುವುದಿಲ್ಲ, ಕೆಲವು ತಿಂಗಳು ನೆಮ್ಮದಿಯಾಗಿ ಇರುತ್ತಾನೆ. ಔಷಧಿ ಹಾಕಿ ನೋಡಬಹುದು, ಅದರಿಂದ ಸ್ವಲ್ಪ ಕಾಲ ಹೆಚ್ಚಬಹುದು, ಗುಣವಾಗುವುದಿಲ್ಲ.

"ಅವನಿಗೆ ಹೇಳಬೇಡಿ," ಅಂದೆ.

"ನಾನಾಗಿ ಹೇಳಲ್ಲ. ಆದರೆ ಅವರು ಕೇಳಿದ್ರೆ ಸುಳ್ಳು ಹೇಳಲ್ಲ ಅಮ್ಮ."

ಇವತ್ತು ಬೆಳಿಗ್ಗೆ ಅವನಿಗೆ ಪೂರ್ತಿ ಎಚ್ಚರವಾಯಿತು. ಮೊದಲು ಮಾಡಿದ್ದೇ ಹೊದಿಕೆಯೊಳಗೆ ಕೈ ಹಾಕಿ ಹೊಟ್ಟೆ ತಡವಿದ್ದು. ಒಂದು ಪಟ್ಟಿ, ಎರಡು ಪಟ್ಟಿ, ಮೂರು. ಮತ್ತೊಂದು ಸಲ ಎಣಿಸಿದ. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಬುವಾಲೈ. ತೆರೆದಿಲ್ಲ ಕಣೇ."

"ಇಲ್ಲ. ತೆರೆದಿಲ್ಲ," ಅಂದೆ.

ಡಾಕ್ಟರ್ ಬಂದಾಗ ಇವನು ಎರಡೂ ಕೈ ಹಣೆಗೆತ್ತಿ ಮುಗಿದ. ಏನಾದರೂ ಕೇಳಬೇಕಾ ಅಪ್ಪಾ ಎಂದು ಅವರು ಕೂತು, ಕಾದು, ಕೇಳಿದರು. ಏನೂ ಇಲ್ಲ ತಾಯಿ, ಕೇಳಬೇಕಾದ್ದೆಲ್ಲ ಕೈಗೇ ಸಿಕ್ಕಿತು ಅಂದ. ಅವರು ನನ್ನ ಕಡೆ ನೋಡಿದರು. ನಾನು ನೀರಿನ ಲೋಟ ತೊಳೆಯಲು ಹೋದೆ.

ಮೂವತ್ತನಾಲ್ಕು ವರ್ಷ ನಾನೇ ಕೈಯಾರೆ ಕಲಸಿ ತಿನ್ನಿಸಿದೆ. ಊರಲ್ಲೆಲ್ಲ ಬುವಾಲೈಯ ಕೊಯ್, ಬುವಾಲೈಯ ಕೊಯ್ ಎಂದು ಹೆಸರು. ಈಗ ಹರಕೆಯನ್ನೂ ನಾನೇ ಹೊತ್ತೆ.

ಮಾರ್ಚ್ ೨೪, ಭಾನುವಾರ

ಮನೆಗೆ ಬಂದು ಮೂರು ದಿನ. ಚೀಲ ಇಲ್ಲ. ಕಣ್ಣು ಬೆಳ್ಳಗೆ. ಇವನು ಜಗುಲಿಯ ಮೇಲೆ ಕೂತು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಅಂಗಿ ಎತ್ತಿ ತೋರಿಸುತ್ತಾನೆ.

"ಮೂರೇ! ಬೇಕಾದ್ರೆ ಎಣಿಸು. ಇದು ಕ್ಯಾಮರಾ ಹೋಗಿದ್ದು, ಇದು ಕತ್ತರಿ, ಇದು ಏನೋ ಗೊತ್ತಿಲ್ಲ, ಬಹುಶಃ ನರ್ಸು ಇಣುಕಿದ್ದು."

ಜನ ನಗುತ್ತಾರೆ, ಇವನ ಬೆನ್ನು ತಟ್ಟುತ್ತಾರೆ. ಬುವಾಲೈಯ ಹರಕೆ ಗಟ್ಟಿ ಎನ್ನುತ್ತಾರೆ. ಟೈಲರ್ ಹೆಂಗಸು, "ಅಕ್ಕಾ, ತಾತನ ಹತ್ರ ಹೇಗೆ ಕೇಳಿದ್ರಿ, ನನಗೂ ಹೇಳಿಕೊಡಿ," ಅಂದಳು.

ತಿಂದದ್ದು: ಅನ್ನ, ಬೇಯಿಸಿದ ಸೋರೆಕಾಯಿ. ಮೂತ್ರ: ತಿಳಿ. ಮಲ: ಸರಿಯಾಗಿದೆ.

ಮಾರ್ಚ್ ೨೮, ಗುರುವಾರ

ಅಂಗಡಿ. ಹಸಿಯದು ಇಲ್ಲವೇ ಎಂದು ನಾಲ್ಕು ಜನ ಕೇಳಿದರು. ಒಳ್ಳೆಯ ಮೀನು ಬರುತ್ತಿಲ್ಲ ಅಂದೆ. ಬುಟ್ಟಿಯಲ್ಲಿ ಮೀನು ಬಾಲ ಬಡಿಯುತ್ತಿತ್ತು.

ಏಪ್ರಿಲ್ ೨, ಮಂಗಳವಾರ

ಹರಕೆ ತೀರಿಸಿದೆ. ತೀರಿಸದಿದ್ದರೆ ತಾತ ಮುನಿಯುತ್ತಾನೆ. ತೀರಿಸದಿದ್ದರೆ ಯಾಕೆ ಎಂದು ಇವನು ಕೇಳುತ್ತಾನೆ.

ಎರಡು ಕೋಳಿ, ಒಂದು ಬಾಟಲಿ. ಗುಡಿಯ ತನಕ ತಾನೇ ನಡೆದು ಬರುತ್ತೇನೆಂದು ಹಟ ಹಿಡಿದ. ಮೂರು ಸಲ ಕೂತು ಕೂತು ಬಂದ. ಮಂಡಿಯೂರಿ, "ತಾತಾ, ನನ್ನ ಹೆಂಡತಿ ಕೇಳಿದ್ದನ್ನ ಒಂದಕ್ಷರ ತಪ್ಪದ ಹಾಗೆ ಕೊಟ್ಟೆ. ನಿನ್ನ ಉಪಕಾರ ಮರೆಯಲ್ಲ," ಎಂದು ದೊಡ್ಡ ದನಿಯಲ್ಲಿ ಹೇಳಿದ. ಆಮೇಲೆ ಮೊಣಕೈಯಿಂದ ನನ್ನನ್ನು ತಿವಿದ. ನೀನೂ ಹೇಳು ಎಂದು.

ನಾನು ಹಣೆ ನೆಲಕ್ಕೆ ತಾಗಿಸಿದೆ.

ಹಿರಿಯರು ಕೋಳಿಯ ದವಡೆಯ ಎಲುಬು ಎಳೆದು ಬಿಸಿಲಿಗೆ ಹಿಡಿದು ನೋಡಿ, ನೆಟ್ಟಗಿದೆ, ಶುಭ ಅಂದರು.

ಏಪ್ರಿಲ್ ೫, ಶುಕ್ರವಾರ

ತಿಂದದ್ದು: ಗಂಜಿ, ನಾಲ್ಕು ಚಮಚ.

ಏಪ್ರಿಲ್ ೬, ಶನಿವಾರ

ಗಂಜಿ, ಎರಡು ಚಮಚ. ಬೆನ್ನು ನೋವು.

ಏಪ್ರಿಲ್ ೭, ಭಾನುವಾರ

ಬೆಳಿಗ್ಗೆ ಮಲೈವನ್ ಮಾತ್ರೆ ತಂದಳು. ಅಡುಗೆಮನೆಗೆ ಬಂದು ತಗ್ಗಿದ ದನಿಯಲ್ಲಿ, "ಊಟ ಸೇರ್ತಿಲ್ಲ ಅಂತ ಡಾಕ್ಟ್ರಿಗೆ ಫೋನ್ ಮಾಡಿದ್ದೆ. ಬಾಯಿಗೆ ಏನು ರುಚಿಸುತ್ತೋ ಅದನ್ನ ಕೊಡಿ ಅಂದ್ರು. ಏನಾದರೂ ಸರಿ," ಅಂದಳು. ನೆಲ ನೋಡುತ್ತ, "ಹಸಿ ಮೀನು ಕೇಳಿದ್ರೂ ಕೊಡಿ ಚಿಕ್ಕಮ್ಮ. ಈಗ ನಾನೇನೂ ಅನ್ನಲ್ಲ," ಅಂದಳು.

ಹನ್ನೊಂದರ ಹೊತ್ತಿಗೆ ಖಮ್‌ಫೂನ್ ಕರೆದ. ಹಗ್ಗದ ಮಂಚದ ಮೇಲೆ ಪಕ್ಕಕ್ಕೆ ತಿರುಗಿ ಮಲಗಿದ್ದ.

"ಬುವಾಲೈ, ಒಂದು ತಟ್ಟೆ ಕೊಯ್ ಮಾಡ್ತೀಯಾ? ಮೊದಲಿನ ಹಾಗೆ. ಹಸೀದು."

ಆಗಲಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅವನು ತಾನಾಗಿ ಕೇಳಿ ಉಣ್ಣುತ್ತೇನೆಂದು ಅಂದದ್ದು ಈ ಹತ್ತು ದಿನದಲ್ಲಿ ಇದೇ ಮೊದಲು. ಅಷ್ಟರಲ್ಲಿ ಅವನ ಮುಖ ನೋಡಿದೆ. ಆಸೆಯಿಂದ ಕೇಳಿದ ಮುಖ ಅಲ್ಲ ಅದು. ಚೀಟಿ ಎತ್ತಿ, ಬಿಡಿಸದೆ ಹಿಡಿದುಕೊಂಡವನ ಮುಖ.

"ಅಣ್ಣನಿಗೂ ಮಾಡಿಕೊಟ್ಟಿದ್ಯಲ್ಲ," ಅಂದ. "ಆ ಕೊನೆಯ ವಾರ. ಕೇಳಿದ್ದೆಲ್ಲ ಕೊಟ್ರು ಅವನಿಗೆ."

ನನಗೆ ಅರ್ಥವಾಯಿತು. ಈ ಸಲ ಪೂರ್ತಿ ಅರ್ಥವಾಯಿತು. ನಾನು ಹಸಿಯದನ್ನು ತಂದಿಟ್ಟರೆ ಅವನು ತಟ್ಟೆ ನೋಡಿ ಎಲ್ಲ ತಿಳಿದುಕೊಳ್ಳುತ್ತಾನೆ.

ಸೊಂಟಕ್ಕೆ ಕೈ ಕೊಟ್ಟು ನಿಂತೆ. ಎಲ್ಲಿತ್ತೋ ಆ ದನಿ, ತಿಂಗಳಿಂದ ಸತ್ತಿದ್ದದ್ದು ಎದ್ದು ಬಂತು. "ನಾಚಿಕೆ ಆಗಲ್ವೇನೋ ನಿನಗೆ? ಡಾಕ್ಟ್ರು ಅಷ್ಟು ಕಷ್ಟಪಟ್ಟು ವಾಸಿ ಮಾಡಿ ಕಳಿಸಿದ್ದಾರೆ, ಮತ್ತೆ ಹುಳು ಹತ್ತಿಸಿಕೊಳ್ಳಬೇಕಾ? ಇನ್ನು ಇಪ್ಪತ್ತು ವರ್ಷ ಇರೋನಿಗೆ ಹಸಿ ಮೀನಂತೆ! ನನ್ನ ಮನೇಲಿ ಬೆಂಕಿ ಕಾಣದ ಮೀನು ನಿನ್ನ ಬಾಯಿಗೆ ಹೋಗಲ್ಲ. ಸತ್ತರೂ ಇಲ್ಲ!"

ಕೊನೆಯ ಮಾತು ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ಗಮನಿಸಲಿಲ್ಲ. ಗೋಡೆಗೆ ತಲೆ ಆನಿಸಿ ನಗುತ್ತಿದ್ದ. ಬೈಸಿಕೊಂಡು ಇಷ್ಟು ಸಂತೋಷಪಟ್ಟಿದ್ದನ್ನು ನಾನು ಕಂಡೇ ಇಲ್ಲ.

"ಆಯ್ತು ಮಾರಾಯ್ತಿ, ಬೇಯಿಸು, ಬೇಯಿಸು. ಅಬ್ಬಾ, ಏನು ಬಾಯಿ ಇದು!"

ಮಲೈವನ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾನು ಮೀನು ಕೊಚ್ಚುವಾಗ ಬಂದು ಪಕ್ಕದಲ್ಲಿ ಕೂತು ಶುಂಠಿಯಂಥ ಗಲಾಂಗಲ್ ಬೇರು ಹೆಚ್ಚಿಕೊಟ್ಟಳು. ಹುರಿದ ಅಕ್ಕಿಯ ಪುಡಿ, ಮೆಣಸು, ಕೆಂಜಿಗ, ನಿಂಬೆ. ಎಲ್ಲ ಹಾಕಿ ಕಲಸಿದೆ. ಕಲಸಿದ ಮೇಲೆ ಅದು ಅವನ ಇಷ್ಟದ ಬಣ್ಣದಲ್ಲಿತ್ತು, ನಸುಗೆಂಪು. ತಟ್ಟೆಗೆ ಹಾಕಿದ್ದರೆ ಆಗಿಹೋಗುತ್ತಿತ್ತು. ಎಷ್ಟೋ ಹೊತ್ತು ಬೋಗುಣಿ ಹಿಡಿದುಕೊಂಡೇ ಇದ್ದೆ.

ಆಮೇಲೆ ಒಲೆ ಹಚ್ಚಿದೆ. ಬಾಣಲೆಗೆ ಸುರಿದು, ಪೂರ್ತಿ ಬೆಳ್ಳಗಾಗುವ ತನಕ ತಿರುವಿದೆ.

ಮೂರು ತುತ್ತು ತಿಂದ. ಮೊದಲಿನ ರುಚಿ ಇಲ್ಲ ಅಂದ. ನಾಲ್ಕನೆಯದಕ್ಕೆ ಬಾಯಿ ತೆರೆದ.

ತಿಂದದ್ದು: ಬೇಯಿಸಿದ ಕೊಯ್, ನಾಲ್ಕು ತುತ್ತು.